ಗಾಳಿ ತುಂಬಿದ ತೋರಣ

ಬೆಂಗಳೂರಿನ ಗಾಂಧಿ ಬಜಾರಿಗೆ ಬರುವವರಲ್ಲಿ ಬಹುಪಾಲು ಜನ ಒಂದಲ್ಲ ಒಂದು ಸಮಾರಂಭದ ತಯಾರಿಯಲ್ಲಿರುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ತಾವರೆ, ಗೌರಿಗೆ ಮೊರದ ಬಾಗಿನ, ಗಣೇಶನಿಗೆ ಗರಿಕೆ, ಯುಗಾದಿಗೆ ಮಾವಿನ ಸೊಪ್ಪು. 1898ರ ಪ್ಲೇಗ್ ಹಾವಳಿಯ ನಂತರ ಹೊಸ ಬಡಾವಣೆಯಾಗಿ ಬೆಳೆದ ಬಸವನಗುಡಿಗೆ ಈ ರಸ್ತೆಯೇ ಹೂವಿನ ಮಾರುಕಟ್ಟೆ, ಗ್ರಂಥಿಗೆ ಅಂಗಡಿ, ಹರಟೆಕಟ್ಟೆ ಎಲ್ಲವೂ. ಇಲ್ಲಿ ಬಲೂನಿಗೆ ಮೊದಲಿದ್ದ ಜಾಗ ಬೇರೆ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ ಸೇರಿದಾಗ ಕೋಲಿಗೆ ಕಟ್ಟಿಕೊಂಡು ಮಾರುತ್ತಿದ್ದ ಬಲೂನು ಮಕ್ಕಳ ಕೈಗೆ ಹೋಗುತ್ತಿತ್ತು, ಮನೆ ಮುಟ್ಟುವ ಮೊದಲೇ ಒಡೆಯುತ್ತಿತ್ತು. ಈಗ ಅದು ಪರಿಷೆಯಿಂದ ಛತ್ರದೊಳಕ್ಕೆ ನಡೆದು ಬಂದಿದೆ. ನಾಮಕರಣ, ಹುಟ್ಟುಹಬ್ಬ, ಸೀಮಂತ, ಅಂಗಡಿ ಪ್ರಾರಂಭೋತ್ಸವ, ಎಲ್ಲದಕ್ಕೂ ಬಾಗಿಲಲ್ಲಿ ಒಂದು ಬಲೂನ್ ಆರ್ಚ್, ವೇದಿಕೆಯ ಹಿಂದೆ ಒಂದು ಬ್ಯಾಕ್‌ಡ್ರಾಪ್.

ಹೂವಿನ ಅಲಂಕಾರ ಮಾಡುವವರಿಗೂ ಬಲೂನಿನ ಅಲಂಕಾರ ಮಾಡುವವರಿಗೂ ಚಿಂತೆ ಒಂದೇ: ಹೊತ್ತು. ಮಲ್ಲಿಗೆಯನ್ನು ಎಷ್ಟು ಹೊತ್ತಿಗೆ ಕಟ್ಟಿದರೆ ಮುಹೂರ್ತಕ್ಕೆ ಅರಳಿರುತ್ತದೆ ಎಂದು ಹೂವಾಡಗಿತ್ತಿಗೆ ಗೊತ್ತು. ಬಲೂನನ್ನು ಯಾವಾಗ ಊದಬೇಕು, ಎಷ್ಟು ಊದಬೇಕು, ಏನನ್ನು ತುಂಬಬೇಕು ಎಂಬುದು ಬಲೂನಿನವನ ಲೆಕ್ಕ. ಆ ಲೆಕ್ಕದ ಹಿಂದಿರುವ ಭೌತವಿಜ್ಞಾನ ತುಂಬ ಸ್ವಾರಸ್ಯಕರ. ಬಲೂನು ಹಿಗ್ಗುವುದು, ಕುಗ್ಗುವುದು, ಸೋರುವುದು, ಢಮ್ಮೆಂದು ಒಡೆಯುವುದು, ಇವೆಲ್ಲಕ್ಕೂ ಮೂಲ ರಬ್ಬರಿನ ಅಣುರಚನೆಯಲ್ಲೇ ಇದೆ. ಅಲ್ಲಿಂದಲೇ ಶುರು ಮಾಡೋಣ.

ಮರದ ಹಾಲು

ಬಲೂನೂ ಹೂವಿನಂತೆ ಗಿಡಮರದ ಉತ್ಪನ್ನವೇ. ಹೆವಿಯಾ ಬ್ರೆಸಿಲಿಯೆನ್ಸಿಸ್ ಎಂಬ ಮರದ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಒಸರುವ ಬಿಳಿ ಹಾಲೇ ಲ್ಯಾಟೆಕ್ಸ್. ಮೂಲ ಊರು ಅಮೆಜಾನ್ ಕಾಡಾದರೂ ಕನ್ನಡಿಗರಿಗೆ ಇದು ಅಪರಿಚಿತ ಮರವಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆಳಗಿನ ಜಾವವೇ ಟ್ಯಾಪಿಂಗ್ ನಡೆಯುತ್ತದೆ, ಏಕೆಂದರೆ ಬಿಸಿಲೇರುವ ಮುನ್ನ ಮರದೊಳಗಿನ ಒತ್ತಡ ಹೆಚ್ಚಿದ್ದು ಹಾಲು ಚೆನ್ನಾಗಿ ಇಳಿಯುತ್ತದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ದುಡಿಮೆ ಒದಗಿಸಲು ಸುಳ್ಯ–ಪುತ್ತೂರು ಭಾಗದಲ್ಲಿ ಸರ್ಕಾರಿ ರಬ್ಬರ್ ತೋಟಗಳೇ ಎದ್ದವು. ಅವು ಈಗ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಸುಪರ್ದಿಯಲ್ಲಿವೆ.

ಮರದಿಂದ ಇಳಿದ ಹಾಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ರಬ್ಬರ್ ಇರುತ್ತದೆ, ಉಳಿದದ್ದು ಬಹುತೇಕ ನೀರು. ಹೆಪ್ಪುಗಟ್ಟದಂತೆ ಅಮೋನಿಯಾ ಬೆರೆಸಿ, ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ರಬ್ಬರಿನ ಅಂಶವನ್ನು ಶೇಕಡಾ 60ಕ್ಕೆ ಏರಿಸುತ್ತಾರೆ. ಬಣ್ಣ, ಗಂಧಕ ಮೊದಲಾದವನ್ನು ಕೂಡಿಸುತ್ತಾರೆ. ಬಲೂನಿನ ಆಕಾರದ ಅಚ್ಚನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ, ಆಮೇಲೆ ಈ ಹಾಲಿನಲ್ಲಿ ಮುಳುಗಿಸಿದರೆ, ಲವಣ ತಗುಲಿದ ಕಡೆ ಹಾಲು ಹೆಪ್ಪುಗಟ್ಟಿ ತೆಳುವಾದ ಪೊರೆ ಕೂರುತ್ತದೆ. ಬಾಯಿಯ ಅಂಚನ್ನು ಉರುಳಿಸಿ ಬಳೆ ಮಾಡಿ, ಬಿಸಿನೀರಿನಲ್ಲಿ ತೊಳೆದು, ಒಲೆಯಲ್ಲಿ ಕಾಯಿಸಿ, ಅಚ್ಚಿನಿಂದ ಸುಲಿದರೆ ಬಲೂನು ತಯಾರು. 1824ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಮಾಡಿದ ಮೊದಲ ರಬ್ಬರ್ ಬಲೂನು ಇಷ್ಟು ನಾಜೂಕಾಗಿರಲಿಲ್ಲ. ಎರಡು ರಬ್ಬರ್ ಹಾಳೆಗಳನ್ನು ಒಂದರ ಮೇಲೊಂದಿಟ್ಟು, ಅಂಚನ್ನು ಒತ್ತಿ ಅಂಟಿಸಿ, ಒಳಮೈ ಅಂಟಿಕೊಳ್ಳದಿರಲೆಂದು ಹಿಟ್ಟು ಉದುರಿಸಿದ್ದರು. ಅವರಿಗೆ ಬೇಕಿದ್ದದ್ದು ಅಲಂಕಾರವಲ್ಲ, ಹೈಡ್ರೋಜನ್ ಪ್ರಯೋಗಗಳಿಗೆ ಒಂದು ಚೀಲ.

ಇನ್ನು ಒಳರಚನೆ. ಐಸೊಪ್ರೀನ್ ಎಂಬ ಪುಟ್ಟ ಕೊಂಡಿ ಸಾವಿರಾರು ಸಲ ಜೋಡಣೆಯಾಗಿ ರಬ್ಬರಿನ ಒಂದು ಅಣುಸರಪಳಿ ಆಗುತ್ತದೆ. ತಟ್ಟೆಯಲ್ಲಿ ಬಡಿಸಿದ ಶ್ಯಾವಿಗೆಯಂತೆ ಈ ಸರಪಳಿಗಳು ಒಂದರೊಳಗೊಂದು ತೂರಿ ಸಿಕ್ಕುಗಟ್ಟಿರುತ್ತವೆ. ಬರೀ ಸಿಕ್ಕಾಗಿದ್ದರೆ ಎಳೆದಾಗ ಜಾರಿಕೊಂಡು ಹೋಗುತ್ತಿದ್ದವು. ಗಂಧಕ ಬೆರೆಸಿ ಕಾಯಿಸಿದಾಗ ಅಲ್ಲಲ್ಲಿ ಸರಪಳಿಗಳ ನಡುವೆ ಗಂಧಕದ ಸೇತುವೆ ಬೀಳುತ್ತದೆ. ಇದೇ ವಲ್ಕನೀಕರಣ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ಈ ಉಪಾಯದಿಂದ ರಬ್ಬರು ಎಳೆದಷ್ಟೂ ಹಿಗ್ಗಿ, ಬಿಟ್ಟೊಡನೆ ಮೊದಲಿನಂತಾಗುತ್ತದೆ.

ಬಿಟ್ಟೊಡನೆ ಏಕೆ ಕುಗ್ಗಬೇಕು? ಉಕ್ಕಿನ ಸ್ಪ್ರಿಂಗನ್ನು ಎಳೆದಾಗ ಪರಮಾಣುಗಳ ನಡುವಿನ ಬಂಧವೇ ಹಿಗ್ಗುತ್ತದೆ, ಹಿಂದಕ್ಕೆ ಎಳೆಯುವುದೂ ಆ ಬಂಧವೇ. ರಬ್ಬರಿನ ಕಥೆ ಬೇರೆ. ಒಂದು ಸರಪಳಿ ನೆಟ್ಟಗೆ ನಿಲ್ಲುವುದಕ್ಕೆ ಒಂದೇ ಬಗೆ, ಮುದುಡಿಕೊಳ್ಳುವುದಕ್ಕೆ ಕೋಟ್ಯಂತರ ಬಗೆ. ಶಾಖದಿಂದ ಸದಾ ಕುಣಿಯುತ್ತಿರುವ ಸರಪಳಿ ತನ್ನ ಪಾಡಿಗೆ ಬಿಟ್ಟರೆ ಮುದುಡಿದ ಸ್ಥಿತಿಗೇ ಬಂದು ಸೇರುತ್ತದೆ. ಇದನ್ನು ನಿಮ್ಮ ತುಟಿಯೇ ಹೇಳುತ್ತದೆ. ಊದದ ಬಲೂನೊಂದನ್ನು ತುಟಿಗೆ ತಾಗಿಸಿ ಹಿಡಿದು ಸರಕ್ಕನೆ ಎಳೆಯಿರಿ, ಬೆಚ್ಚಗಾಗುತ್ತದೆ. ಎಳೆದೇ ಹಿಡಿದು ಒಂದು ನಿಮಿಷ ಬಿಟ್ಟು ಸಡಿಲಿಸಿದರೆ ತಣ್ಣಗಾಗುತ್ತದೆ. 1805ರಲ್ಲಿ ಇಂಗ್ಲೆಂಡಿನ ಜಾನ್ ಗೌ ಇದನ್ನು ಮೊದಲು ವರದಿ ಮಾಡಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ತುಟಿಯೇ ಅವರ ತಾಪಮಾಪಕ. ಅರ್ಧ ಶತಮಾನದ ನಂತರ ಜೇಮ್ಸ್ ಜೌಲ್ ಅದನ್ನು ಅಳತೆ ಮಾಡಿ ದೃಢಪಡಿಸಿದರು.

ಮೊದಲ ಉಸಿರಿನ ಕಷ್ಟ

ಬಲೂನು ಊದಿದವರಿಗೆಲ್ಲ ಗೊತ್ತಿರುವ ಸಂಗತಿ: ಮೊದಲ ಉಸಿರಿಗೆ ಕೆನ್ನೆ ನೋಯುತ್ತದೆ, ಆಮೇಲೆ ಸಲೀಸು, ಕೊನೆಯಲ್ಲಿ ಮತ್ತೆ ಬಿಗಿ. ಪೊರೆಯ ಎಳೆತ ಎಷ್ಟೇ ಇರಲಿ, ಗೋಳ ಚಿಕ್ಕದಿದ್ದಷ್ಟೂ ಅದರ ಬಾಗು ಹೆಚ್ಚು, ಬಾಗು ಹೆಚ್ಚಿದ್ದಷ್ಟೂ ಆ ಎಳೆತ ಒಳಮುಖವಾಗಿ ಒತ್ತುವ ಬಲ ಹೆಚ್ಚು. ಗೋಳ ಹಿಗ್ಗುತ್ತ ಹೋದಂತೆ ಬಾಗು ತಗ್ಗುತ್ತದೆ, ಪೊರೆಯೂ ತೆಳ್ಳಗಾಗುತ್ತದೆ. ಆದರ್ಶ ರಬ್ಬರಿಗೆ ಲೆಕ್ಕ ಹಾಕಿದರೆ ಬಲೂನಿನ ತ್ರಿಜ್ಯ ಮೊದಲಿನ 1.38ರಷ್ಟು ಆಗುವಾಗ ಒಳಗಿನ ಒತ್ತಡ ಶಿಖರ ಮುಟ್ಟುತ್ತದೆ, ಅಲ್ಲಿಂದಾಚೆಗೆ ಇಳಿಯುತ್ತದೆ. ಕೊನೆಯಲ್ಲಿ ಸರಪಳಿಗಳು ನೆಟ್ಟಗಾಗಿ ಇನ್ನು ಹಿಗ್ಗಲು ಜಾಗವಿಲ್ಲದಾಗ ಒತ್ತಡ ಮತ್ತೆ ಏರುತ್ತದೆ.

ಇದರ ಪರಿಣಾಮ ವಿಚಿತ್ರ. ಒಂದು ದೊಡ್ಡ ಬಲೂನು, ಒಂದು ಚಿಕ್ಕ ಬಲೂನು ಎರಡನ್ನೂ ಕೊಳವೆಯಿಂದ ಜೋಡಿಸಿ ನೋಡಿ. ದೊಡ್ಡದರ ಗಾಳಿ ಚಿಕ್ಕದಕ್ಕೆ ಹರಿದು ಎರಡೂ ಸಮವಾಗುತ್ತವೆ ಎಂದುಕೊಂಡರೆ ತಪ್ಪಾಯಿತು. ಸಾಮಾನ್ಯವಾಗಿ ಚಿಕ್ಕದೇ ಮತ್ತಷ್ಟು ಕುಗ್ಗಿ ತನ್ನ ಗಾಳಿಯನ್ನು ದೊಡ್ಡದಕ್ಕೆ ಒಪ್ಪಿಸುತ್ತದೆ! ನಾಯಿಮರಿ, ಕಿರೀಟ, ಕತ್ತಿ ಮಾಡುವ ಉದ್ದನೆಯ ಬಲೂನಿನಲ್ಲೂ ಇದೇ ಆಟ. ಎರಡು ಇಂಚು ದಪ್ಪ, ಅರವತ್ತು ಇಂಚು ಉದ್ದದ ಇದಕ್ಕೆ ವ್ಯಾಪಾರದಲ್ಲಿ 260 ಎಂದೇ ಹೆಸರು. ಊದಿದಾಗ ಅದು ಇಡಿಯಾಗಿ ಉಬ್ಬುವುದಿಲ್ಲ. ಒಂದು ತುದಿಯಲ್ಲಿ ಗುಳ್ಳೆ ಎದ್ದು, ಅದೇ ದಪ್ಪದಲ್ಲಿ ಇನ್ನೊಂದು ತುದಿಯತ್ತ ಸಾಗುತ್ತದೆ. ಉಬ್ಬಿದ ಭಾಗ ಇನ್ನೂ ಉಬ್ಬಲು ಕಡಿಮೆ ಒತ್ತಡ ಸಾಕು, ಉಬ್ಬದ ಭಾಗಕ್ಕೆ ಹೆಚ್ಚು ಬೇಕು.

ಊದುವ ಮುನ್ನ ಬಲೂನನ್ನು ಕೈಯಲ್ಲಿ ಎಳೆದಾಡುವ ರೂಢಿಗೂ ಅರ್ಥವಿದೆ. ಒಮ್ಮೆ ಎಳೆಸಿಕೊಂಡ ರಬ್ಬರ್ ಎರಡನೆಯ ಸಲ ಅಷ್ಟೇ ಹಿಗ್ಗಲು ಕಡಿಮೆ ಬಲ ಕೇಳುತ್ತದೆ. ಇದನ್ನು ವಿವರವಾಗಿ ಅಧ್ಯಯನ ಮಾಡಿದ ವಿಜ್ಞಾನಿಯ ಹೆಸರಿನಲ್ಲಿ ಇದಕ್ಕೆ ಮಲಿನ್ಸ್ ಪರಿಣಾಮ ಎನ್ನುತ್ತಾರೆ. ಅನುಭವಸ್ಥ ಅಲಂಕಾರದವರು ಬಲೂನನ್ನು ಪಂಪಿನಿಂದ ಒಮ್ಮೆ ಪೂರ್ತಿ ಊದಿ, ಸ್ವಲ್ಪ ಗಾಳಿ ಬಿಟ್ಟು, ರಟ್ಟಿನ ಡಬ್ಬಿಯಲ್ಲಿ ಕೊರೆದ ಕಿಂಡಿಯಲ್ಲಿ ತೂರಿಸಿ ಅಳತೆ ನೋಡಿ ಗಂಟು ಹಾಕುತ್ತಾರೆ. ಹಾಗೆ ಮಾಡಿದರೆ ಬಲೂನು ಪೇರಳೆಯಾಕಾರ ಬಿಟ್ಟು ಗುಂಡಗಾಗುತ್ತದೆ, ಎಲ್ಲವೂ ಒಂದೇ ಗಾತ್ರಕ್ಕೆ ಬರುತ್ತವೆ, ಬಿಗಿ ಕಡಿಮೆಯಾದ್ದರಿಂದ ಬಾಳಿಕೆಯೂ ಹೆಚ್ಚು.

ಕಂಬದ ಲೆಕ್ಕ, ಕಮಾನಿನ ಗೆರೆ

ಛತ್ರದ ಬಾಗಿಲಲ್ಲಿ ನಿಲ್ಲುವ ಬಲೂನ್ ಕಂಬವನ್ನು ಹತ್ತಿರ ಹೋಗಿ ಗಮನಿಸಿ. ಎರಡೆರಡು ಬಲೂನುಗಳ ಕತ್ತನ್ನು ಗಂಟು ಹಾಕಿ ಜೋಡಿ ಮಾಡಿ, ಎರಡು ಜೋಡಿಗಳನ್ನು ಅಡ್ಡಡ್ಡ ತಿರುಚಿ ನಾಲ್ಕರ ಗುಚ್ಛ ಮಾಡಿರುತ್ತಾರೆ. ಈ ಗುಚ್ಛಗಳನ್ನು ಒಂದು ಪೈಪಿಗೋ ದಾರಕ್ಕೋ ಸಿಕ್ಕಿಸುತ್ತ ಹೋಗುತ್ತಾರೆ. ಮೇಲಿನ ಗುಚ್ಛದ ಬಲೂನುಗಳು ಕೆಳಗಿನ ಗುಚ್ಛದ ಸಂದುಗಳಲ್ಲಿ ಕೂರುತ್ತವೆ, ಅಂದರೆ ಪ್ರತಿ ಸುತ್ತೂ 45 ಡಿಗ್ರಿ ತಿರುಗಿರುತ್ತದೆ. ನಾಲ್ಕರಲ್ಲಿ ಒಂದನ್ನು ಬೇರೆ ಬಣ್ಣದ್ದಾಗಿ ಮಾಡಿ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಎಂಟು ಸುತ್ತಿಗೆ ಆ ಬಣ್ಣ ಕಂಬವನ್ನು ಪೂರಾ ಒಂದು ಸಲ ಬಳಸಿ ಬರುತ್ತದೆ. ನಮ್ಮ ಕಣ್ಣಿಗೆ ಬಳ್ಳಿ ಹಬ್ಬಿದಂತೆ ಕಾಣುವ ಆ ಸುರುಳಿ ಇಷ್ಟೇ.

ಎಷ್ಟು ಬಲೂನು ಬೇಕು? ಸಂದಿನಲ್ಲಿ ಕೂರುವ ಕಾರಣ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರುವ ಎತ್ತರ ಬಲೂನಿನ ವ್ಯಾಸಕ್ಕಿಂತ ಕಡಿಮೆ. ರೇಖಾಗಣಿತದ ಪ್ರಕಾರ ವ್ಯಾಸದ 0.84 ಪಾಲು. ಬಲೂನನ್ನು 25 ಸೆಂಟಿಮೀಟರಿಗೆ ಊದಿದರೆ ಸುತ್ತಿಗೆ 21 ಸೆಂಟಿಮೀಟರ್. ಆಳೆತ್ತರಕ್ಕಿಂತ ತುಸು ಮೇಲೆ, ಎರಡು ಮೀಟರು ಚಿಲ್ಲರೆ ಕಂಬಕ್ಕೆ ಹತ್ತು ಸುತ್ತು, ನಲವತ್ತು ಬಲೂನು. ಬಲೂನುಗಳು ಒಂದನ್ನೊಂದು ಅದುಮಿಕೊಂಡು ಕೂರುವುದರಿಂದಲೂ ಒಂದೆರಡು ಒಡೆಯುವುದರಿಂದಲೂ ನಾಲ್ಕಾರು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಪ್ಯಾಕೆಟ್ ಎಷ್ಟು ಕೊಳ್ಳಬೇಕೆಂದು ಅಂಗಡಿಯವರನ್ನು ಕೇಳುವ ಮೊದಲು ಈ ಲೆಕ್ಕ ನೀವೇ ಹಾಕಬಹುದು.

ಕಮಾನಿನ ವಿಚಾರಕ್ಕೆ ಬಂದರೆ ಹೂವಿನ ಮಾಲೆಗೂ ಬಲೂನಿಗೂ ಗಣಿತದ ನೆಂಟಸ್ತಿಕೆ ಇದೆ. ಬಾಗಿಲ ಎರಡು ಮೂಲೆಗೆ ಕಟ್ಟಿದ ಚೆಂಡುಹೂವಿನ ಮಾಲೆ ನಡುವೆ ಜೋತು ಬೀಳುತ್ತದಲ್ಲ, ಆ ಗೆರೆ ನೋಡಲು ಪರವಲಯದಂತಿದ್ದರೂ ಪರವಲಯವಲ್ಲ. ತನ್ನ ತೂಕ ಉದ್ದಕ್ಕೂ ಸಮನಾಗಿ ಹಂಚಿಹೋಗಿರುವ ಹಗ್ಗ ಅಥವಾ ಸರಪಳಿ ಜೋತಾಗ ಬರುವ ಈ ಗೆರೆಯ ಸಮೀಕರಣವನ್ನು 1691ರಲ್ಲಿ ಹೈಗೆನ್ಸ್, ಲೈಬ್ನಿಟ್ಸ್, ಯೋಹಾನ್ ಬರ್ನೂಲಿ ಮೂವರೂ ಬೇರೆಬೇರೆಯಾಗಿ ಬಿಡಿಸಿದರು. ಈಗ ಒಂದು ದಾರಕ್ಕೆ ಸಮಾನ ಅಂತರದಲ್ಲಿ ಹೀಲಿಯಂ ಬಲೂನುಗಳನ್ನು ಕಟ್ಟಿ, ದಾರದ ಎರಡು ತುದಿಗಳನ್ನು ನೆಲಕ್ಕೆ ಬಿಗಿಯಿರಿ. ಮಾಲೆಯಲ್ಲಿ ತೂಕ ಕೆಳಕ್ಕೆಳೆದರೆ ಇಲ್ಲಿ ತೇಲುವ ಬಲ ಮೇಲಕ್ಕೆಳೆಯುತ್ತದೆ, ಅದೂ ಉದ್ದಕ್ಕೂ ಸಮನಾಗಿ. ಹಾಗಾಗಿ ಅದೇ ಗೆರೆ ತಲೆಕೆಳಗಾಗಿ ನಿಲ್ಲುತ್ತದೆ. ಜೋತ ಸರಪಳಿಯನ್ನು ತಲೆಕೆಳಗು ಮಾಡಿದ ಆಕಾರದಲ್ಲಿ ಕಲ್ಲಿನ ಕಮಾನು ಕಟ್ಟಿದರೆ ಗಟ್ಟಿಯಾಗಿ ನಿಲ್ಲುತ್ತದೆಂದು 1675ರಷ್ಟು ಹಿಂದೆಯೇ ರಾಬರ್ಟ್ ಹುಕ್ ಕಂಡುಕೊಂಡಿದ್ದರು. ನಮ್ಮ ಛತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಪೈಪಿನ ಚೌಕಟ್ಟಿಗೆ ಕಟ್ಟಿದ, ಬರೀ ಗಾಳಿ ತುಂಬಿದ ಕಮಾನು. ಅದರ ಗೆರೆಯನ್ನು ನಿರ್ಧರಿಸುವುದು ಪೈಪು. ಹೀಲಿಯಂ ಕಮಾನಿನ ಗೆರೆಯನ್ನು ನಿಸರ್ಗವೇ ಬರೆಯುತ್ತದೆ.

ಜಮಖಂಡಿಯಲ್ಲಿ ಕಂಡ ಗೆರೆ

ಹೀಲಿಯಂ ಪತ್ತೆಯಾದ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತದ ಮೇಲೆ ಹಾದುಹೋಯಿತು. ಫ್ರಾನ್ಸಿನ ಪಿಯರ್ ಜಾನ್ಸನ್ ಗುಂಟೂರಿನಲ್ಲಿ ದೂರದರ್ಶಕ ಹೂಡಿದ್ದರು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿ, ಪ್ರಸಿದ್ಧ ಖಗೋಳಜ್ಞ ಜಾನ್ ಹರ್ಷೆಲ್ ಅವರ ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕದೊಂದಿಗೆ ಕಾದಿದ್ದರು. ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಯ ಬೆಳಕನ್ನು ಬಿಡಿಸಿ ನೋಡಿದಾಗ ಅವರಿಗೆ ಕೆಂಪು, ಕಿತ್ತಳೆ, ನೀಲಿ ಬಣ್ಣದ ಹೊಳೆಯುವ ಗೆರೆಗಳು ಕಂಡವು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಸೂರ್ಯನ ರೋಹಿತದ ಹಳದಿ ಗೆರೆಯನ್ನು ಅಳೆದು, ಅದು ಸೋಡಿಯಂನದ್ದಲ್ಲವೆಂದು ಕಂಡರು. ಭೂಮಿಯ ಮೇಲೆ ಯಾರೂ ಕಾಣದ ಧಾತು ಅದು ಎಂಬ ತೀರ್ಮಾನ ಅಲ್ಲಿಂದ ಬಂತು. ಭೂಮಿಯ ಮೇಲೆ ಅದನ್ನು ಯುರೇನಿಯಂ ಅದಿರೊಂದರಿಂದ ಹೊರತೆಗೆದವರು ವಿಲಿಯಂ ರ್‍ಯಾಮ್ಸೆ, 1895ರಲ್ಲಿ. ಜಮ್ಷೆಟ್‌ಜಿ ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ ಜಾಗ ಹುಡುಕಲು ಭಾರತ ಸುತ್ತಿ ಬೆಂಗಳೂರೇ ಸರಿ ಎಂದು ಶಿಫಾರಸು ಮಾಡಿದವರೂ ಇದೇ ರ್‍ಯಾಮ್ಸೆ. ಅವರ ಜೊತೆ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದ ಮಾರಿಸ್ ಟ್ರಾವರ್ಸ್ ಆ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದರು.

ಬೆಂಗಳೂರಿನಲ್ಲಿ ಹೀಲಿಯಂ ಬಲೂನು ಮಂಗಳೂರಿನಲ್ಲಿ ತೇಲಿದಷ್ಟು ಉಮೇದಿನಿಂದ ತೇಲುವುದಿಲ್ಲ. ತೇಲುವ ಬಲವೆಂದರೆ ಬಲೂನು ಪಕ್ಕಕ್ಕೆ ಸರಿಸಿದ ಗಾಳಿಯ ತೂಕ. ಅದರಲ್ಲಿ ಒಳಗಿನ ಅನಿಲದ ತೂಕ ಕಳೆದರೆ ಉಳಿಯುವುದು ಎತ್ತುವ ಶಕ್ತಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ಒಂದು ಲೀಟರ್ ಗಾಳಿ 1.18 ಗ್ರಾಂ, ಹೀಲಿಯಂ 0.16 ಗ್ರಾಂ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ವಾಯುಭಾರ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ. ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದಕ್ಕೂ ಇದೇ ಕಾರಣ. ಇಲ್ಲಿನ ಒಂದು ಲೀಟರ್ ಗಾಳಿ ತೂಗುವುದು ಸುಮಾರು 1.06 ಗ್ರಾಂ. 28 ಸೆಂಟಿಮೀಟರ್ ವ್ಯಾಸದ ಬಲೂನಿನ ಹೊಟ್ಟೆ ಹನ್ನೊಂದೂವರೆ ಲೀಟರ್. ಅದು ಮಂಗಳೂರಿನಲ್ಲಿ ಹನ್ನೊಂದೂಮುಕ್ಕಾಲು ಗ್ರಾಂ ಎತ್ತಿದರೆ ಗಾಂಧಿ ಬಜಾರಿನಲ್ಲಿ ಹತ್ತೂವರೆ. ರಬ್ಬರಿನ ತೂಕವೇ ಮೂರು ಗ್ರಾಂ ಹೋಯಿತು, ಮೇಲೆ ರಿಬ್ಬನ್ನು. ಉಳಿಯುವುದು ಆರೇಳು ಗ್ರಾಂ. ಚಿಕ್ಕ ಬಲೂನಿಗೆ ಉದ್ದನೆಯ ರಿಬ್ಬನ್ ಕಟ್ಟಿ ಅದು ಮೇಲೇಳದಿದ್ದರೆ ಸಿಲಿಂಡರಿನವನನ್ನು ಬೈಯುವ ಮುನ್ನ ನಮ್ಮೂರ ಎತ್ತರವನ್ನೂ ನೆನೆಯಬೇಕು.

ಸೋರುವ ಗೋಡೆ

ಸಂಜೆ ಹಾರಾಡುತ್ತಿದ್ದ ಹೀಲಿಯಂ ಬಲೂನು ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಹೊರಳುತ್ತಿರುತ್ತದೆ. ಗಂಟು ಸಡಿಲವಾಯಿತೆಂದು ಎಲ್ಲರೂ ಭಾವಿಸುತ್ತಾರೆ. ಸೋರಿದ್ದು ಗಂಟಿನಲ್ಲಲ್ಲ, ಗೋಡೆಯಲ್ಲಿ. ಸಿಕ್ಕುಗಟ್ಟಿದ ಸರಪಳಿಗಳ ನಡುವೆ ಸಂದುಗಳಿರುತ್ತವೆ, ಸರಪಳಿಗಳು ಅಲುಗುತ್ತಿರುವುದರಿಂದ ಸಂದುಗಳು ತೆರೆದು ಮುಚ್ಚಿ ಜಾಗ ಬದಲಿಸುತ್ತವೆ. ಅನಿಲದ ಕಣ ಒಳಮೈಯಲ್ಲಿ ರಬ್ಬರಿನೊಳಕ್ಕೆ ಕರಗಿ, ಸಂದಿನಿಂದ ಸಂದಿಗೆ ಜಿಗಿದು, ಹೊರಮೈಯಲ್ಲಿ ಹೊರಬೀಳುತ್ತದೆ.

ಇಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದು, ಯಾವ ಅನಿಲಕ್ಕೆ ದಾರಿ ಸಲೀಸು? ಸಾರಜನಕಕ್ಕಿಂತ ಹೀಲಿಯಂ ನೈಸರ್ಗಿಕ ರಬ್ಬರನ್ನು ಮೂರು ಪಟ್ಟಿಗೂ ಹೆಚ್ಚು ಸುಲಭವಾಗಿ ದಾಟುತ್ತದೆ. ಅದು ಚಿಕ್ಕ ಪರಮಾಣುವಾದ್ದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಇಂಗಾಲದ ಡೈಆಕ್ಸೈಡ್‌ನಲ್ಲಿ. ಹೀಲಿಯಂಗಿಂತ ಎಷ್ಟೋ ದೊಡ್ಡದಾದ ಈ ಅಣು ಹೀಲಿಯಂಗಿಂತಲೂ ನಾಲ್ಕು ಪಟ್ಟು ಸಲೀಸಾಗಿ ರಬ್ಬರನ್ನು ದಾಟುತ್ತದೆ, ಏಕೆಂದರೆ ಅದು ರಬ್ಬರಿನಲ್ಲಿ ಚೆನ್ನಾಗಿ ಕರಗುತ್ತದೆ. ಗಾತ್ರವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ.

ಎರಡನೆಯ ಸಂಗತಿ ಇನ್ನೂ ಮುಖ್ಯ. ಪ್ರತಿ ಅನಿಲವನ್ನೂ ದೂಡುವುದು ಆ ಅನಿಲದ ಒಳ–ಹೊರ ಒತ್ತಡಗಳ ವ್ಯತ್ಯಾಸ. ಬಲೂನಿನೊಳಗಿನ ಒತ್ತಡ ಹೊರಗಿನ ವಾಯುಭಾರಕ್ಕಿಂತ ಹೆಚ್ಚಿರುವುದು ಶೇಕಡಾ ಎರಡೋ ಮೂರೋ ಅಷ್ಟೇ. ಗಾಳಿ ತುಂಬಿದ ಬಲೂನಿನಲ್ಲಿ ಒಳಗೂ ಸಾರಜನಕ, ಹೊರಗೂ ಸಾರಜನಕ. ಹೊರದೂಡುವ ವ್ಯತ್ಯಾಸ ಆ ಎರಡು ಮೂರು ಪಾಲು ಮಾತ್ರ. ಹೀಲಿಯಂ ಬಲೂನಿನಲ್ಲಿ ಒಳಗೆ ಪೂರಾ ಒಂದು ವಾಯುಭಾರದಷ್ಟು ಹೀಲಿಯಂ, ಹೊರಗೆ ಹತ್ತು ಲಕ್ಷದಲ್ಲಿ ಐದು ಪಾಲು. ಅಂದರೆ ಸೋರಿಕೆಗೆ ಹತ್ತಾರು ಪಟ್ಟು ಹೆಚ್ಚು ಒತ್ತಾಯ. ಹನ್ನೊಂದು ಇಂಚಿನ ಹೀಲಿಯಂ ಬಲೂನು ಅರ್ಧ ದಿನ, ಹೆಚ್ಚೆಂದರೆ ಒಂದು ದಿನ ತೇಲುವುದಕ್ಕೂ ಗಾಳಿ ತುಂಬಿದ ಬಲೂನು ದಿನಗಟ್ಟಲೆ ಮೈತುಂಬಿಕೊಂಡಿರುವುದಕ್ಕೂ ಇದೇ ಕಾರಣ. ಬಲೂನು ದೊಡ್ಡದಾದಷ್ಟೂ ಹೊಟ್ಟೆಗೆ ಹೋಲಿಸಿದರೆ ಗೋಡೆ ಕಡಿಮೆ, ಹಾಗಾಗಿ ಮೂರಡಿಯ ಬಲೂನು ಒಂದಡಿಯದಕ್ಕಿಂತ ಹೆಚ್ಚು ಹೊತ್ತು ತೇಲುತ್ತದೆ.

ಅಂಕಿ, ಅಕ್ಷರಗಳ ಆಕಾರದಲ್ಲಿ ಬರುವ ಮಿರಮಿರನೆ ಮಿಂಚುವ ಫಾಯಿಲ್ ಬಲೂನು ರಬ್ಬರೇ ಅಲ್ಲ. ಅದು ಪಾಲಿಯೆಸ್ಟರ್ ಅಥವಾ ನೈಲಾನ್ ಹಾಳೆ, ಮೇಲೆ ಅಲ್ಯೂಮಿನಿಯಂನ ತೆಳುಲೇಪ. ಅದರ ಸರಪಳಿಗಳು ಒತ್ತೊತ್ತಾಗಿ ಜೋಡಣೆಯಾಗಿ ಸಂದು ಕಡಿಮೆಯಿರುವುದರಿಂದ ಹೀಲಿಯಂ ವಾರಗಟ್ಟಲೆ ನಿಲ್ಲುತ್ತದೆ. ಆದರೆ ಹಿಗ್ಗುವ ಗುಣವಿಲ್ಲ, ಹೆಚ್ಚು ಊದಿದರೆ ಹೊಲಿಗೆ ಬಿಡುತ್ತದೆ. ವಿದ್ಯುತ್ತನ್ನು ಹರಿಸುತ್ತದೆ ಬೇರೆ, ತಂತಿಗಳಿಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್.

ಒಡೆಯುವ ಬಗೆ

ಬಿಗಿಯಾಗಿ ಊದಿದ ಬಲೂನಿಗೆ ಸೂಜಿ ತಾಗಿದರೆ ಚೂರುಚೂರು, ಅರೆಬರೆ ಊದಿದ್ದಕ್ಕೆ ತಾಗಿದರೆ ಒಂದೇ ಸೀಳು. ಈ ವ್ಯತ್ಯಾಸವನ್ನು 2015ರಲ್ಲಿ ಪ್ಯಾರಿಸ್ಸಿನ ಸೆಬಾಸ್ಟಿಯನ್ ಮುಲಿನೆ ಮತ್ತು ಮೊಖ್ತಾರ್ ಅದ್ದಾ–ಬೆದಿಯಾ ವೇಗದ ಕ್ಯಾಮೆರಾದಲ್ಲಿ ಹಿಡಿದರು. ಬಿರುಕು ರಬ್ಬರಿನಲ್ಲಿ ಓಡುವುದಕ್ಕೆ ಒಂದು ಗರಿಷ್ಠ ವೇಗವಿದೆ, ಸೆಕೆಂಡಿಗೆ ಸುಮಾರು 570 ಮೀಟರ್. ಗಾಳಿಯಲ್ಲಿ ಸದ್ದು ಸಾಗುವ ವೇಗಕ್ಕಿಂತ ಅದು ಹೆಚ್ಚು. ಎಳೆತ ಒಂದು ಮಿತಿಯನ್ನು ಮೀರಿದಾಗ ಅಷ್ಟು ಶಕ್ತಿಯನ್ನು ಒಂದೇ ಬಿರುಕು ಖಾಲಿ ಮಾಡಲಾರದು, ಕವಲೊಡೆಯುತ್ತದೆ. ಸೂಜಿ ಚುಚ್ಚುವ ಕಡೆ ಮೊದಲೇ ಪಾರದರ್ಶಕ ಟೇಪ್ ಅಂಟಿಸಿದ್ದರೆ ಬಿರುಕಿಗೆ ಓಡಲು ದಾರಿಯೇ ಇಲ್ಲ, ಬಲೂನು ಒಡೆಯದೆ ಮೆಲ್ಲಗೆ ಸೋರುತ್ತದೆ. ಮಕ್ಕಳಿಗೆ ಮಾಡಿ ತೋರಿಸಲು ಒಳ್ಳೆಯ ಪ್ರಯೋಗ.

ಬಿಸಿಲಿನಲ್ಲಿಟ್ಟ ಬಲೂನು ಒಡೆದರೆ ಒಳಗಿನ ಗಾಳಿ ಕಾದು ಉಬ್ಬಿತೆಂದು ಹೇಳುವುದು ವಾಡಿಕೆ. ಲೆಕ್ಕ ಅದನ್ನು ಪೂರ್ತಿ ಒಪ್ಪುವುದಿಲ್ಲ. ರಾತ್ರಿಯ 18 ಡಿಗ್ರಿಯಿಂದ ಮಧ್ಯಾಹ್ನದ 34 ಡಿಗ್ರಿಗೆ ಏರಿದರೂ ಗಾತ್ರ ಹೆಚ್ಚುವುದು ಶೇಕಡಾ ಐದೂವರೆ, ವ್ಯಾಸದಲ್ಲಿ ಶೇಕಡಾ ಎರಡಕ್ಕೂ ಕಡಿಮೆ. ಕಂಠಮಟ್ಟ ಊದಿದ ಬಲೂನಿಗೆ ಅಷ್ಟೂ ಹೆಚ್ಚಾದೀತು, ಹದವಾಗಿ ಊದಿದ್ದಕ್ಕೆ ಅದು ಲೆಕ್ಕಕ್ಕಿಲ್ಲ. ದೊಡ್ಡ ಶತ್ರುಗಳು ಓಜೋನ್ ಮತ್ತು ಬೆಳಕು. ರಬ್ಬರ್ ಸರಪಳಿಯ ಪ್ರತಿ ಕೊಂಡಿಯಲ್ಲೂ ಒಂದು ಜೋಡಿಬಂಧವಿದೆ. ಗಾಳಿಯಲ್ಲಿರುವ ಅತ್ಯಲ್ಪ ಓಜೋನ್ ಆ ಬಂಧವನ್ನೇ ಕತ್ತರಿಸುತ್ತದೆ, ಎಳೆದು ಹಿಡಿದ ರಬ್ಬರಿನಲ್ಲಂತೂ ಇನ್ನೂ ಬೇಗ. ಹೊಳೆಯುತ್ತಿದ್ದ ಬಲೂನು ಹೊರಗಿಟ್ಟ ಕೆಲವೇ ಗಂಟೆಗಳಲ್ಲಿ ಮಬ್ಬಾಗುವುದು ಈ ಸವೆತದ ಮೊದಲ ಗುರುತು. ಕಪ್ಪು, ಕಡುನೀಲಿ ಬಲೂನು ಬಿಸಿಲನ್ನು ಹೀರಿ ಬೇಗ ಸೋಲುತ್ತದೆ. ಹೊರಾಂಗಣದ ಸಮಾರಂಭಕ್ಕೆ ತಿಳಿಬಣ್ಣ, ಸಡಿಲ ಊದು, ಮರದ ನೆರಳು ಇವಿಷ್ಟು ಇದ್ದರೆ ಬಾಳಿಕೆ ಹೆಚ್ಚು.

ಇನ್ನೊಂದು ಶತ್ರು ಊಟದ ಪಂಕ್ತಿಯ ಕಡೆಯಿಂದ ಬರುತ್ತದೆ. ಕಿತ್ತಳೆ, ಮೂಸಂಬಿ, ನಿಂಬೆಹಣ್ಣಿನ ಸಿಪ್ಪೆಯನ್ನು ಬಲೂನಿನ ಹತ್ತಿರ ಹಿಡಿದು ಹಿಂಡಿ ನೋಡಿ. ಚಿಮ್ಮುವ ತುಂತುರಿನಲ್ಲಿ ಲಿಮೊನೀನ್ ಎಂಬ ಎಣ್ಣೆಯಿದೆ, ಅದು ರಬ್ಬರಿಗೆ ದ್ರಾವಕ. ಬಿದ್ದಲ್ಲಿ ಪೊರೆ ಮೆತ್ತಗಾಗಿ, ಬಿಗಿಯಾಗಿದ್ದರೆ ತಕ್ಷಣ ಒಡೆಯುತ್ತದೆ. ಪಾನಕದ ಮೇಜಿನ ಪಕ್ಕ ಬಲೂನ್ ಕಂಬ ನಿಲ್ಲಿಸುವವರು ಇದನ್ನು ನೆನಪಿಡಬೇಕು.

ಗೋಡೆಗೆ ಬಲೂನು ಅಂಟಿಸಲು ಕೂದಲಿಗೆ ಉಜ್ಜುವ ಉಪಾಯವೂ ಹೊತ್ತುಗೊತ್ತು ನೋಡಿ ನಡೆಯುವಂಥದ್ದು. ಉಜ್ಜಿದಾಗ ಬಲೂನು ಎಲೆಕ್ಟ್ರಾನುಗಳನ್ನು ಎಳೆದುಕೊಂಡು ಋಣ ಆವೇಶ ಪಡೆಯುತ್ತದೆ, ಗೋಡೆಯ ಮೇಲ್ಮೈಯಲ್ಲಿ ಅದಕ್ಕೆದುರು ಧನ ಆವೇಶ ತಲೆಯೆತ್ತಿ ಎರಡೂ ಅಂಟಿಕೊಳ್ಳುತ್ತವೆ. ಫೆಬ್ರುವರಿ–ಮಾರ್ಚಿನ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಮೇಲ್ಮೈಯ ಮೇಲೆ ಕೂರುವ ತೇವದ ಪೊರೆ ಆವೇಶವನ್ನು ಸೋರಿಹೋಗಲು ಬಿಡುತ್ತದೆ. ಆಷಾಢದಲ್ಲಿ ಟೇಪೇ ಗತಿ.

ಸಿಲಿಂಡರು ಮತ್ತು ಕಸ

ಹೀಲಿಯಂ ದುಬಾರಿಯೆಂದು ಕೆಲವರು ಹೈಡ್ರೋಜನ್ ತುಂಬುತ್ತಾರೆ. ಎತ್ತುವ ಬಲದಲ್ಲಿ ಸಿಗುವ ಲಾಭ ಶೇಕಡಾ ಎಂಟರಷ್ಟು. ಅಪಾಯ ಮಾತ್ರ ಅಳತೆ ಮೀರಿದ್ದು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಎಷ್ಟೇ ಬೆರೆತಿದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ, ಅದಕ್ಕೆ ಬಟ್ಟೆಯ ಸ್ಥಿರವಿದ್ಯುತ್ತಿನ ಸಣ್ಣ ಕಿಡಿಯೇ ಸಾಕು. ಬೀದಿಬದಿಯಲ್ಲಿ ಹಳೆಯ ಸಿಲಿಂಡರಿನೊಳಗೆ ಅಲ್ಯೂಮಿನಿಯಂ ಚೂರು, ಕಾಸ್ಟಿಕ್ ಸೋಡಾ ಹಾಕಿ ಅನಿಲ ತಯಾರಿಸುವ ಪದ್ಧತಿ ಇನ್ನೂ ಘೋರ. ಒಳಗೆ ಶಾಖವೂ ಒತ್ತಡವೂ ಏರುತ್ತಿರುತ್ತವೆ, ತಡೆಯಲು ಯಾವ ಕವಾಟವೂ ಇರುವುದಿಲ್ಲ. 2012ರ ಮೇ 4ರಂದು ಅರ್ಮೇನಿಯಾದ ಯೆರೆವಾನ್ ನಗರದ ಚುನಾವಣಾ ಸಭೆಯೊಂದರಲ್ಲಿ ಉರಿಯುವ ಅನಿಲ ತುಂಬಿದ ಬಲೂನುಗಳ ಗೊಂಚಲು ಹೊತ್ತಿ ನೂರಕ್ಕೂ ಹೆಚ್ಚು ಜನ ಸುಟ್ಟುಕೊಂಡರು. ಹುಟ್ಟುಹಬ್ಬದ ಕೇಕಿನ ಮೇಲೆ ಮೇಣದಬತ್ತಿ ಉರಿಯುತ್ತಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹೀಲಿಯಂ ಉರಿಯುವುದಿಲ್ಲ ನಿಜ. ಆದರೆ ಅದನ್ನು ಉಸಿರಾಡಿ ಕೀರಲು ದನಿಯಲ್ಲಿ ಮಾತಾಡುವ ಆಟ ಬೇಡ. ಶ್ವಾಸಕೋಶದಿಂದ ಆಮ್ಲಜನಕವನ್ನು ಅದು ಹೊರದೂಡುತ್ತದೆ, ನೇರ ಸಿಲಿಂಡರಿನಿಂದ ಎಳೆದರೆ ಒತ್ತಡಕ್ಕೆ ಶ್ವಾಸಕೋಶವೇ ಹರಿಯಬಹುದು. ಅದಕ್ಕಿಂತ ದೊಡ್ಡ ಮಾತು, ಹೀಲಿಯಂ ಮಾಡಿಕೊಳ್ಳಬಹುದಾದ ವಸ್ತುವಲ್ಲ. ನೆಲದಾಳದ ಯುರೇನಿಯಂ, ಥೋರಿಯಂ ಕೋಟ್ಯಂತರ ವರ್ಷ ಕ್ಷಯಿಸಿ ಉಂಟಾದದ್ದು ಅದು, ಕೆಲವೇ ದೇಶಗಳ ನೈಸರ್ಗಿಕ ಅನಿಲ ಬಾವಿಗಳಲ್ಲಿ ಸಿಗುತ್ತದೆ. ಭಾರತ ಆಮದನ್ನೇ ನೆಚ್ಚಿದೆ. ಎಂಆರ್‌ಐ ಯಂತ್ರದ ಕಾಂತಗಳು ತಣ್ಣಗಿರುವುದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಿಂದ. ವಾತಾವರಣಕ್ಕೆ ಬಿಟ್ಟ ಹೀಲಿಯಂ ಕ್ರಮೇಣ ಭೂಮಿಯನ್ನೇ ತೊರೆಯುತ್ತದೆ.

ಆಕಾಶಕ್ಕೆ ಬಲೂನು ಬಿಡುವ ಉದ್ಘಾಟನೆಗಳನ್ನೂ ಯೋಚಿಸಿ ನೋಡಬೇಕು. ಬಲೂನಿಗೆ ಮೇಲೇರಲು ಸಕಾರಣವಿದ್ದ ಸಂದರ್ಭಗಳಿವೆ. 1939–40ರ ಚಳಿಗಾಲದಲ್ಲಿ ರಾಬರ್ಟ್ ಮಿಲಿಕನ್, ವಿಕ್ಟರ್ ನೆಹರ್, ವಿಲಿಯಂ ಪಿಕರಿಂಗ್ ವಿಶ್ವಕಿರಣಗಳನ್ನು ಅಳೆಯುವ ಉಪಕರಣಗಳನ್ನು ರಬ್ಬರ್ ಬಲೂನುಗಳಿಗೆ ಕಟ್ಟಿ ಬೆಂಗಳೂರಿನಿಂದಲೂ ಹಾರಿಸಿದ್ದರು. ಹವಾಮಾನ ಬಲೂನುಗಳು ಇಂದಿಗೂ ಹಾರುತ್ತವೆ. ಅಲಂಕಾರಕ್ಕೆ ಬಿಟ್ಟ ಬಲೂನು ಏನನ್ನೂ ಅಳೆಯುವುದಿಲ್ಲ. ಮೇಲೇರಿದಂತೆ ಹೊರಗಿನ ಒತ್ತಡ ತಗ್ಗಿ ಅದು ಹಿಗ್ಗುತ್ತದೆ, ಒಡೆಯುತ್ತದೆ, ದಾರದ ಸಮೇತ ಎಲ್ಲೋ ಕೆರೆಗೋ ಹೊಲಕ್ಕೋ ಬೀಳುತ್ತದೆ. 1986ರ ಸೆಪ್ಟೆಂಬರ್ 27ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸುಮಾರು ಹದಿನೈದು ಲಕ್ಷ ಬಲೂನುಗಳನ್ನು ಒಟ್ಟಿಗೆ ಬಿಟ್ಟರು. ಮಳೆ, ಶೀತಗಾಳಿಗೆ ಸಿಕ್ಕಿ ಅವು ಊರಿನ ಮೇಲೂ ಈರಿ ಸರೋವರದ ಮೇಲೂ ಕವಿದವು, ವಿಮಾನ ನಿಲ್ದಾಣದ ರನ್‌ವೇ ಮುಚ್ಚಬೇಕಾಯಿತು.

ಲ್ಯಾಟೆಕ್ಸ್ ಮರದ ಹಾಲು, ಎಲೆಯಂತೆ ಮಣ್ಣಾಗುತ್ತದೆ ಎಂಬ ವಾದವನ್ನು ಮಾರಾಟಗಾರರು ಮುಂದಿಡುತ್ತಾರೆ. ಹಾಲು ಮಣ್ಣಾಗುತ್ತದೆ; ಗಂಧಕದ ಸೇತುವೆ ಬಿದ್ದು ಬಣ್ಣ, ರಾಸಾಯನಿಕ ಸೇರಿದ ಪೊರೆ ಅಷ್ಟು ಬೇಗ ಆಗುವುದಿಲ್ಲ. ಟಾಸ್ಮೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಲೂನುಗಳನ್ನು ಸಿಹಿನೀರು, ಉಪ್ಪುನೀರು, ಗೊಬ್ಬರದ ರಾಶಿ ಮೂರರಲ್ಲೂ 16 ವಾರ ಇಟ್ಟು ನೋಡಿದರು. ಹೇಳಿಕೊಳ್ಳುವಂಥ ಕರಗುವಿಕೆ ಎಲ್ಲೂ ಕಾಣಲಿಲ್ಲ. ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಯನ್ನಂತೂ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.

ಆದ್ದರಿಂದ ಮನೆಯಲ್ಲಿ ಸಮಾರಂಭವಿದ್ದರೆ ಲೆಕ್ಕ ಸರಳ. ಕಂಬಕ್ಕೂ ಕಮಾನಿಗೂ ಪಂಪಿನ ಗಾಳಿಯೇ ಸಾಕು, ಅದೇ ಹೆಚ್ಚು ದಿನ ಬಾಳುತ್ತದೆ, ಅಗ್ಗವೂ ಹೌದು. ಹೀಲಿಯಂ ಬೇಕೇ ಬೇಕೆಂದಾದರೆ ಒಂದೆರಡು ಬಲೂನಿಗೆ ಸೀಮಿತಗೊಳಿಸಿ, ಸಮಾರಂಭಕ್ಕೆ ಗಂಟೆ ಎರಡು ಗಂಟೆ ಮುಂಚೆ ತುಂಬಿಸಿ, ಸಿಲಿಂಡರಿನಲ್ಲಿ ಏನಿದೆಯೆಂದು ಖಾತರಿ ಮಾಡಿಕೊಳ್ಳಿ. ಎಷ್ಟು ಊದಬಹುದೋ ಅದಕ್ಕಿಂತ ಒಂದು ಬೆರಳು ಕಡಿಮೆ ಊದಿ. ಒಡೆದ ಚೂರುಗಳನ್ನು ಕೂಡಲೇ ಹೆಕ್ಕಿ ತೆಗೆಯಿರಿ, ಹರಿದಾಡುವ ಮಗುವಿನ ಗಂಟಲಿಗೆ ಅವು ಸಿಕ್ಕಿಕೊಂಡರೆ ಉಸಿರೇ ನಿಲ್ಲುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಹೂವಿನ ಮಾಲೆಯನ್ನು ಹಸಿಕಸಕ್ಕೆ, ಬಲೂನನ್ನು ಗಾಳಿ ತೆಗೆದು ಒಣಕಸಕ್ಕೆ ಹಾಕಿ. ಎರಡನ್ನೂ ಒಂದೇ ಚೀಲಕ್ಕೆ ತುರುಕಬೇಡಿ.